ಅವ್ವನ ಬಾಗಿಲಿಗೆ ಎಂಥಾ ಚಿಲಕ?

ದೇವದುರ್ಗದ ಮನೆಗೆ ಬಾಗಿಲು ಸಾಮಾನು ತರೋಕೆ ರಾಯಚೂರಿಗೆ ಹೋಗಿದ್ದೆ. ಅಂಗಡಿಯಲ್ಲಿ ಕಣ್ಣು ಹೋಗಿದ್ದು ಮೊದಲು ಹಿತ್ತಾಳೆ ಬಣ್ಣದ ಹ್ಯಾಂಡಲ್ ಮೇಲೆ. ಆಮೇಲೆ ಹೋದ ತಿಂಗಳದ್ದು ನೆನಪಾಯ್ತು. ಅವ್ವ ಬಚ್ಚಲದಲ್ಲಿ ಜಾರಿ ಬಿದ್ದಿದ್ದಳು, ಒಳಗಿಂದ ಚಿಲಕ ಹಾಕಿತ್ತು. ಪಕ್ಕದ ಮನೆಯವರು ಬಾಗಿಲು ಒಡೆದೇ ಒಳಗೆ ಹೋದರು.

ಹ್ಯಾಂಡಲ್ ಅಲ್ಲೇ ಬಿಟ್ಟೆ. ಬಚ್ಚಲಕ್ಕೆ ಹೊರಗಿಂದ ನಾಣ್ಯದಲ್ಲಿ ತಿರುಗಿಸಿ ತೆಗೆಯುವ ಲಾಕ್ ತಗೊಂಡೆ. ಮುಂಬಾಗಿಲಿಗೆ ಎರಡೂ ಕಡೆ ಕೀಲಿ ಇರೋದು. ಒಂದು ಕೀಲಿ ಪಕ್ಕದ ಮನೆಗೆ.

ಸ್ಟೀಲ್ ತಗೊಳ್ಳುವಾಗ ಮ್ಯಾಗ್ನೆಟ್ ನಂಬಬೇಡಿ. 304ಕ್ಕೆ ಅಂಟಲ್ಲ, ನಿಜ. ಅಗ್ಗದ 202ಕ್ಕೂ ಅಂಟಲ್ಲ. ಬಚ್ಚಲದ ತೇವಕ್ಕೆ ಬೇಗ ತುಕ್ಕು ಹಿಡಿಯೋದು 202. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ.

ಮಾನ್ವಿಯಿಂದ ಬಂದ ಬಡಿಗೇರ ಏಳಡಿ ಬಾಗಿಲಿಗೆ ಮೂರು ಬಿಜಾಗರಿ ಕೇಳಿದ, ನಾನು ತಂದಿದ್ದು ಎರಡು. ಮತ್ತೆ ರಾಯಚೂರು! ಅವ್ವನ ಕೈ ಏರಲ್ಲ ಅಂತ ಮೇಲಿನ ಚಿಲಕವನ್ನ ಸೊಂಟದ ಎತ್ತರಕ್ಕೆ ಇಳಿಸಿದ್ದೂ ಅವನೇ. ನನಗದು ಹೊಳೆದಿರಲಿಲ್ಲ.

ರಾತ್ರಿ ಫೋನ್ ಮಾಡಿ, "ಹಳೇ ಅಗಳಿ ತೆಗೆಸಿದ್ಯೇನವ್ವ?" ಅಂದೆ.

"ಇಲ್ಲಪ್ಪ, ಹಾಕ್ಕೊಂಡೇ ಮಲಗೀನಿ. ಅದಿಲ್ದ ನಿದ್ದಿ ಬರಂಗಿಲ್ಲ."

ಪಕ್ಕದ ಮನೆ ಗೂಟಕ್ಕೆ ಕೀಲಿ ಸುಮ್ಮನೆ ನೇತಾಡ್ತಿದೆ.