ದುಡ್ಡು ಕೊಡೋನಿಗೆ ನಿಮ್ಮ ಪಿನ್ ಯಾಕೆ ಬೇಕು?

ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿ ಬಾಗಿಲು ತೆಗೆದ ಹೊತ್ತಿನಿಂದ ಹಾಕುವ ತನಕ ಗಲ್ಲಾಪೆಟ್ಟಿಗೆ ಪಕ್ಕದ ಡಬ್ಬಿ ಕೂಗುತ್ತಲೇ ಇರುತ್ತದೆ. ನಲವತ್ತು ರೂಪಾಯಿ ಬಂತು, ನೂರಾಹತ್ತು ಬಂತು. ಯಜಮಾನರು ಕತ್ತೆತ್ತಿಯೂ ನೋಡುವುದಿಲ್ಲ. ದಿನಕ್ಕೆ ಇಷ್ಟು ಸಲ ದುಡ್ಡು ಬರುತ್ತದಲ್ಲ, ಒಂದು ಸಲವಾದರೂ ಅವರು ತಮ್ಮ ಪಿನ್ ನಂಬರ್ ಒತ್ತಿದ್ದುಂಟೇ? ಇಲ್ಲ. ಒತ್ತಿರಿ ಅಂತ ಗಿರಾಕಿ ಯಾರಾದರೂ ಹೇಳಿದರೆ ಮೆಟ್ಟಿಲು ಇಳಿಸಿ ಕಳಿಸುತ್ತಾರೆ.

ಇಂಥ ಚಾಣಾಕ್ಷರೇ ಮನೆಯ ಹಳೇ ಫ್ರಿಜ್ ಮಾರುವುದಕ್ಕೆ ಫೋನಿನಲ್ಲಿ ಫೋಟೋ ಹಾಕಿ ಟೋಪಿ ಹಾಕಿಸಿಕೊಳ್ಳುತ್ತಿದ್ದಾರೆ ಅನ್ನುವುದೇ ಸೋಜಿಗ.

ಫೋಟೋ ಹಾಕಿ ಹತ್ತು ನಿಮಿಷವಾಗಿರುವುದಿಲ್ಲ, ಫೋನ್ ಬರುತ್ತದೆ. ಆ ಕಡೆಯ ಮಹಾಶಯ ಮಿಲಿಟರಿಯವನಂತೆ. ಈ ಊರಿಗೆ ಹೊಸದಾಗಿ ವರ್ಗವಾಗಿದೆಯಂತೆ. ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು, ಯೂನಿಫಾರ್ಮ್ ಹಾಕಿದ ಫೋಟೋ ಎಲ್ಲ ವಾಟ್ಸಾಪಿಗೆ ಬಂದು ಬೀಳುತ್ತವೆ. ಮಾತೆಲ್ಲ ಹಿಂದಿ, ಅರ್ಧ ತಿಳಿಯುತ್ತದೆ, ಅರ್ಧಕ್ಕೆ ಇವರು ‘ಹಾಂಜೀ’ ಅನ್ನುತ್ತಾರೆ. ಚೌಕಾಸಿ ಇಲ್ಲ. ಹೇಳಿದ ರೇಟಿಗೇ ಒಪ್ಪಿಗೆ. ಸಾಮಾನು ನೋಡುವುದೂ ಬೇಡವಂತೆ, ಗಾಡಿ ಕಳಿಸುತ್ತಾನಂತೆ. ಸೆಕೆಂಡ್‌ಹ್ಯಾಂಡ್ ಫ್ರಿಜ್ಜಿನ ಬಾಗಿಲು ತೆಗೆದು ಮೂಸಿಯೂ ನೋಡದೆ ಪೂರ್ತಿ ದುಡ್ಡು ಕೊಡುವ ಭೂಪ ಯಾವ ಸಂತೆಯಲ್ಲಿ ಸಿಗುತ್ತಾನೆ ಸ್ವಾಮಿ? ಗುಮಾನಿ ಬರಬೇಕಾದದ್ದು ಅಲ್ಲೇ. ಆದರೆ ಸೈನಿಕ ಅಂದಕೂಡಲೇ ಜನ ಮರ್ಯಾದೆ ಕೊಡುತ್ತಾರೆ. ಆ ಮರ್ಯಾದೆಯನ್ನೇ ಈ ಖದೀಮರು ಬಂಡವಾಳ ಮಾಡಿಕೊಂಡಿದ್ದಾರೆ.

ಮೊದಲು ಐದೋ ಹತ್ತೋ ರೂಪಾಯಿ ಕಳಿಸುತ್ತಾನೆ. ಅದು ನಿಜವಾಗಿ ಬರುತ್ತದೆ, ನಂಬಿಕೆ ಕುದುರುತ್ತದೆ. ಆಮೇಲೆ ಒಂದು ಕ್ಯೂಆರ್ ಕೋಡ್. ‘ಸ್ಕ್ಯಾನ್ ಮಾಡಿ ಪಿನ್ ಹಾಕಿ, ಪೂರ್ತಿ ಹಣ ಬರುತ್ತೆ.’ ಹಾಕಿದರೆ ಬರುವುದಿಲ್ಲ, ಹೋಗುತ್ತದೆ. ಕೇಳಿದರೆ ‘ತಪ್ಪಾಯ್ತು ಸಾಹೇಬ್ರೇ, ಈ ಇನ್ನೊಂದಕ್ಕೆ ಹಾಕಿ, ಎರಡೂ ಸೇರಿ ವಾಪಸ್ ಬರುತ್ತೆ’ ಅನ್ನುತ್ತಾನೆ. ಹೋದದ್ದನ್ನು ಹಿಡಿಯುವ ಗಾಬರಿಯಲ್ಲಿ ಜನ ಎರಡನೇ ಸಲವೂ ಹಾಕುತ್ತಾರೆ.

ಓದು ಬರಹ ಇಲ್ಲದವರಿಗಷ್ಟೇ ಹೀಗಾಗೋದು ಅಂತ ಯಾರೂ ಮೀಸೆ ತಿರುವಬೇಕಾಗಿಲ್ಲ. 2021ರ ಫೆಬ್ರವರಿಯಲ್ಲಿ ದೆಹಲಿಯ ಆಗಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಅವರ ಮಗಳೇ ಹಳೇ ಸೋಫಾ ಮಾರಲು ಹೋಗಿ ಇದೇ ವರಸೆಯಲ್ಲಿ 34,000 ರೂಪಾಯಿ ಕಳೆದುಕೊಂಡರು. ಅಲ್ಲೂ ಮೊದಲು ಚಿಲ್ಲರೆ ಬಂತು, ಆಮೇಲೆ ಕೋಡ್ ಬಂತು.

ಯುಪಿಐ ಶುರುವಾದದ್ದು 2016ರಲ್ಲಿ. ಅಂದಿನಿಂದ ಇಂದಿನವರೆಗೂ ಪಿನ್ ಬೇಕಾಗುವುದು ಖಾತೆಯಿಂದ ದುಡ್ಡು ಕೊಡುವುದಕ್ಕೆ, ಇಲ್ಲವೇ ಬ್ಯಾಲೆನ್ಸ್ ನೋಡುವುದಕ್ಕೆ. ದುಡ್ಡು ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನೂ ಬೇಡ. ಒಬ್ಬರಿಂದೊಬ್ಬರು ಹಣ ಕೇಳಿ ಕಳಿಸುವ ‘ಕಲೆಕ್ಟ್’ ಕೋರಿಕೆಯೂ ಈ ಮೋಸಗಾರರಿಗೆ ಒಳ್ಳೇ ಕಸುಬಾಗಿತ್ತು. ಅದನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಲಾಯಿತು. ಕಳ್ಳರೇನು ಅಂಗಡಿ ಮುಚ್ಚಿಲ್ಲ. ‘ಸಾವಿರದ ಬದಲು ಹತ್ತು ಸಾವಿರ ಬಂದಿದೆ, ಮಿಕ್ಕದ್ದು ವಾಪಸ್ ಹಾಕಿ’ ಎಂದು ಅಳುತ್ತಾರೆ. ಫೋನಿನಲ್ಲಿ ಬ್ಯಾಂಕಿನದೇ ಅನ್ನಿಸುವ ಮೆಸೇಜೂ ಇರುತ್ತದೆ. ಅದು ಬಂದಿರುವುದು ಯಾವನದೋ ಹತ್ತಂಕಿಯ ನಂಬರಿನಿಂದ. ಖಾತೆ ನೋಡಿದರೆ ಸೊನ್ನೆ.

ಬ್ಯಾಂಕಿಗೆ ಓಡಿದರೆ ಸಿಗುವ ಉತ್ತರ ಒಂದೇ: ‘ಪಿನ್ ನೀವೇ ಹಾಕೀರಲ್ರೀ?’ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆಯೂ, ಗ್ರಾಹಕರದೇ ಅಜಾಗರೂಕತೆಯಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ ಎಂದಿತ್ತು. ಕಾನೂನು ಹಾಗಿರಲಿ. ಹಿಂದಿ ಅರ್ಧ, ಇಂಗ್ಲಿಷ್ ಕಾಲು ತಿಳಿದವರ ಕೈಗೆ ಇಂಗ್ಲಿಷಿನ ಪರದೆ ಕೊಟ್ಟು ಆಮೇಲೆ ಅಜಾಗರೂಕ ಅನ್ನುವುದು ಯಾವ ನ್ಯಾಯ? ಭೀಮ್‌ನಂಥ ಆ್ಯಪ್‌ಗಳಲ್ಲಿ ಕನ್ನಡ ಆರಿಸಿಕೊಳ್ಳಬಹುದು. ಖಾತೆ ತೆರೆಸುವ ದಿನವೇ ಬ್ಯಾಂಕಿನವರು ಅದನ್ನು ಮಾಡಿಕೊಡಲಿ. ‘ಪಾವತಿಸಿ’ ಎಂದು ಕಣ್ಣಿಗೆ ಕಂಡರೆ ಎಷ್ಟೋ ಬೆರಳು ತಡೆದಾವು.

ಅದಕ್ಕಿಂತ ದೊಡ್ಡ ಕೇಡು ನಾಚಿಕೆಯದು. ಮೋಸ ಹೋದವರು ಮನೆಯವರಿಗೆ ಹೇಳುವುದಿಲ್ಲ, ಪಕ್ಕದಂಗಡಿಯವರಿಗಂತೂ ಕೇಳಲೇಬೇಡಿ. ನಾಲ್ಕು ದಿನ ಒಳಗೊಳಗೇ ಬೆಂದು ಐದನೇ ದಿನ ಠಾಣೆಗೆ ಹೋಗುತ್ತಾರೆ. ಅಷ್ಟರಲ್ಲಿ ದುಡ್ಡು ಖಾತೆಯಿಂದ ಖಾತೆಗೆ ಹಾರಿ ನಗದಾಗಿರುತ್ತದೆ. 1930ಕ್ಕೆ ಕೂಡಲೇ ಫೋನ್ ಮಾಡಿದರೆ ಬ್ಯಾಂಕುಗಳಿಗೆ ಸುದ್ದಿ ಮುಟ್ಟಿ, ದಾರಿಯಲ್ಲಿ ಇನ್ನೂ ಉಳಿದಿರುವಷ್ಟನ್ನು ತಡೆಹಿಡಿಯುವ ಏರ್ಪಾಡಿದೆ. ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಇರುವುದೂ ಇದಕ್ಕೇ. ಲೆಕ್ಕಕ್ಕೆ ಬರುವುದು ಮೊದಲ ಗಂಟೆ. ಇತ್ತ ಇವರು ಬಾಯಿ ಬಿಡದ ಕಾರಣಕ್ಕೆ ಅದೇ ‘ಮಿಲಿಟರಿಯವನು’ ಮುಂದಿನ ವಾರ ಅದೇ ಬೀದಿಯ ಇನ್ನೊಬ್ಬರಿಗೆ ಫೋನ್ ಮಾಡುತ್ತಾನೆ.

ಹರಿಹರದ ಬಸ್ಸಿನಲ್ಲಿ ಸೀಟಿನ ಜಗಳದಿಂದ ಹಿಡಿದು ದೆಹಲಿ ರಾಜಕೀಯದವರೆಗೆ ಎಲ್ಲ ಚರ್ಚೆಯಾಗುತ್ತದೆ, ಇದೂ ಆಗಲಿ. ಮಾರುವವರು ‘ಬಂದು ನೋಡ್ರಿ, ಇಲ್ಲೇ ನಮ್ಮ ಕೋಡಿಗೆ ಹಾಕ್ರಿ, ಸಾಮಾನು ಹೊರ್ರಿ’ ಅನ್ನಲಿ. ನಿಜವಾದ ಗಿರಾಕಿ ಬಂದೇ ಬರುತ್ತಾನೆ. ಇನ್ನು ಪೊಲೀಸರಿಗೂ ವರ್ತಕರ ಸಂಘದವರಿಗೂ ಒಂದು ಕೇಳಿಕೆ. ‘ಜೇಬುಗಳ್ಳರಿದ್ದಾರೆ, ಎಚ್ಚರಿಕೆ’ ಎಂದು ಬಸ್ ನಿಲ್ದಾಣಗಳಲ್ಲಿ ಬರೆಸುವ ಕಾಲದಿಂದ ಬಣ್ಣದ ಡಬ್ಬಿ ಇದ್ದೇ ಇದೆ. ದಸರೆಯ ಜಾತ್ರೆ ವ್ಯಾಪಾರ ಶುರುವಾಗುವ ಮುನ್ನ ಅದರ ಕೆಳಗೇ 1930 ಅಂತಲೂ, ದುಡ್ಡು ಬರೋದಕ್ಕೆ ಪಿನ್ ಬೇಡ ಅಂತಲೂ ಎರಡು ಸಾಲು ಬರೆಸುವರೇ?