ಪ್ರೋಗ್ರಾಮರುಗಳಿಗೂ ಬೇಕು ಮುಯ್ಯಾಳು

ಇಂದು ನಿಮ್ಮ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಹಳೇ ಮೈಸೂರಿನ ರೈತರ ಈ ಮುಯ್ಯಾಳು ಪದ್ಧತಿಯಲ್ಲಿ ಕೂಲಿಯಿಲ್ಲ, ಋಣವುಂಟು. ವೆಬ್ ಬೆಳೆದದ್ದೂ ಇಂಥದೇ ಕೊಡುಕೊಳ್ಳುವಿಕೆಯಿಂದ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ವೆಬ್ ತಂತ್ರಾಂಶವನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಿತು. 1995ರಲ್ಲಿ ಅಪಾಚೆ ಸರ್ವರ್ ರೂಪುಗೊಂಡದ್ದು ಪ್ರೋಗ್ರಾಮರುಗಳು ಪರಸ್ಪರ ಹಂಚಿಕೊಂಡ ತಿದ್ದುಪಡಿಗಳಿಂದ.

ಮೈಸೂರಿಗೂ ಈ ಔದಾರ್ಯ ಹೊಸದಲ್ಲ. ಇಲ್ಲಿನ ವಿಶ್ವವಿದ್ಯಾನಿಲಯವು 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆದರೆ ವೆಬ್ ಪ್ರೋಗ್ರಾಮರುಗಳ ಮಾತೇನು? ಇನ್ಫೋಸಿಸ್ ಸೇರಿದವರಿಗೆ ಅದರ ವಿಶಾಲ ತರಬೇತಿ ಕೇಂದ್ರವಿದೆ. ಅಂಗಡಿಗೋ ಶಾಲೆಗೋ ಒಂಟಿಯಾಗಿ ಜಾಲತಾಣ ಕಟ್ಟಿಕೊಡುವ ತರುಣ ತರುಣಿಯರಿಗೆ ಹಿರಿಯರು ಯಾರು?

ಎಲ್ಲವೂ ಅಂತರಜಾಲದಲ್ಲೇ ದೊರೆಯುವಾಗ, ಕೃತಕ ಬುದ್ಧಿಮತ್ತೆಯೇ ಕೋಡ್ ಬರೆದುಕೊಡುವಾಗ ಕೂಟವೇಕೆಂದು ಕೆಲವರು ಕೇಳಬಹುದು. ಕನ್ನಡದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಒತ್ತಕ್ಷರ ಒಡೆಯದಂತೆ ಸಾಲನ್ನು ತುಂಡರಿಸುವುದು, ನುಡಿಯ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವುದು ಇವುಗಳಲ್ಲಿ ದೊರೆತ ಉತ್ತರ ಸರಿಯೇ ಎಂದು ತಿಳಿಯಲು ಪಳಗಿದ ಕಣ್ಣು ಬೇಕು. ಅದು ಬಲ್ಲವರ ಪಕ್ಕದಲ್ಲಿ ಕುಳಿತು ಕಲಿಯುವ ವಿದ್ಯೆ.

ಎನ್‌ಐಇ ಆರಂಭವಾದ 1946ರಿಂದ ಇಂಜಿನಿಯರುಗಳನ್ನು ರೂಪಿಸುತ್ತಿರುವ ನಗರವಿದು. ಇಲ್ಲಿನ ಯಾವುದಾದರೊಂದು ಕಾಲೇಜು ತಿಂಗಳಿಗೊಂದು ಶನಿವಾರ ಸಂಜೆ ತನ್ನ ಪ್ರಯೋಗಾಲಯವನ್ನು ಹೊರಗಿನವರಿಗೂ ತೆರೆಯಲಿ ಎಂಬುದು ನನ್ನ ಬಿನ್ನಹ. ಪ್ರವೇಶಕ್ಕೆ ಶುಲ್ಕ ಬೇಡ. ಬಂದವರು ತಾವು ಬಿಡಿಸಿದ ಒಂದು ತೊಡಕನ್ನು ಉಳಿದವರಿಗೆ ವಿವರಿಸಿದರೆ ಸಾಕು, ಮುಯ್ಯಿ ತೀರುತ್ತದೆ.