ದೊಡ್ಡ ಹಡಗಿನ ಮೋಹ

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಬೀಜವು ಚೀಲ ಸೇರಿದೊಡನೆ ನಮ್ಮ ಮೂಡಿಗೆರೆ, ಕಳಸ ಸೀಮೆಯಲ್ಲಿ ಪ್ರವಾಸದ ಮಾತು ಏಳುವುದು ವಾಡಿಕೆ. ಹಿಂದೆ ಕಾಶಿ, ರಾಮೇಶ್ವರ, ಈಗ ಸಮುದ್ರವಿಹಾರ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೆಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗು ಮುಂಬೈಯಿಂದ ಯಾನ ಆರಂಭಿಸಿದ ಮೇಲಂತೂ ‘ಹೋಗುವುದಾದರೆ ದೊಡ್ಡ ಹಡಗಿನಲ್ಲೇ ಹೋಗಬೇಕು’ ಎಂಬುದು ನನ್ನ ನಿವೃತ್ತ ಮಿತ್ರರ ಪಾಲಿಗೆ ವೇದವಾಕ್ಯವಾಗಿದೆ. ಈ ವೇದವಾಕ್ಯವನ್ನು ನಾನು ಒಪ್ಪಲಾರೆ.

ಅವರ ವಾದದಲ್ಲಿ ಹುರುಳೇ ಇಲ್ಲವೆಂದಲ್ಲ. ದೊಡ್ಡ ಹಡಗು ಅಲೆಗೆ ಕಡಿಮೆ ಹೊಯ್ದಾಡುತ್ತದೆ; ಚಾರ್ಮಾಡಿ ಘಾಟಿಯ ತಿರುವುಗಳಲ್ಲೇ ಹೊಟ್ಟೆ ತೊಳಸುವ ವಯೋವೃದ್ಧರಿಗೆ ಇದು ಸಣ್ಣ ಮಾತಲ್ಲ. ಅಲ್ಲಿ ವೈದ್ಯರಿರುತ್ತಾರೆ, ಬಗೆಬಗೆಯ ಊಟವಿರುತ್ತದೆ. ಖರ್ಚು ಸಾವಿರಾರು ಜನರಲ್ಲಿ ಹಂಚಿಹೋಗುವುದರಿಂದ ತಲೆಗೆ ಬೀಳುವ ದರವೂ ಎಷ್ಟೋ ಸಲ ಕಡಿಮೆಯೇ. ವಿಶ್ರಾಂತಿಯೇ ಉದ್ದೇಶವಾದರೆ ಧಾರಾಳವಾಗಿ ಹೋಗಲಿ. ಆದರೆ ‘ಸಮುದ್ರ ನೋಡಲು, ದ್ವೀಪ ನೋಡಲು ಹೋಗುತ್ತೇವೆ’ ಎನ್ನುವವರೊಡನೆ ನನ್ನ ಜಗಳವಿದೆ.

ಹನ್ನೊಂದು ಅಂತಸ್ತಿನ ‘ಎಂಪ್ರೆಸ್’ ಹಿಡಿಸುವುದು ಸುಮಾರು 1,800 ಪ್ರಯಾಣಿಕರನ್ನು. 2024ರಲ್ಲಿ ಮಯಾಮಿಯಿಂದ ಹೊರಟ ‘ಐಕಾನ್ ಆಫ್ ದಿ ಸೀಸ್’ 7,000ಕ್ಕೂ ಹೆಚ್ಚು ಜನರನ್ನು ಹೊರಬಲ್ಲದು. ಅದರ ಮುಂದೆ ಇದು ಕೂಸು. ಆದರೂ ಇಂಥ ಹಡಗುಗಳ ರಂಗಮಂದಿರ, ಜೂಜುಕಟ್ಟೆ, ಅಂಗಡಿಸಾಲುಗಳೆಲ್ಲ ಸಮುದ್ರಕ್ಕೆ ಬೆನ್ನುಹಾಕಿ ನಿಂತಿರುತ್ತವೆ. ಅಗ್ಗದ ಕೋಣೆಗೆ ಕಿಟಕಿಯೇ ಇರುವುದಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗಿ ಸಮುದ್ರ ನೋಡುವ ವಿದ್ಯೆ ಯಾವುದಯ್ಯಾ?

ಇನ್ನು ದ್ವೀಪದ ಮಾತು. ಲಕ್ಷದ್ವೀಪದ ಸುತ್ತ ಹವಳದ ದಿಬ್ಬಗಳಿರುವುದರಿಂದ ಹಡಗು ಹೊರಗೇ ಲಂಗರು ಹಾಕುತ್ತದೆ. ಜನ ದೋಣಿಗಳಲ್ಲಿ ದಡ ಸೇರಬೇಕು. ನಾನು ಮೇಷ್ಟ್ರು, ಲೆಕ್ಕ ಬಿಡಲಾರೆ. ದೋಣಿಯೊಂದಕ್ಕೆ 60 ಜನ ಎಂದಿಟ್ಟುಕೊಳ್ಳಿ. 1,800 ಜನರಿಗೆ 30 ಸರದಿ ಬೇಕು. ಕೊಚ್ಚಿಯಿಂದ ದ್ವೀಪಗಳಿಗೆ ಹೋಗುವ ‘ಲಗೂನ್ಸ್’ನಂಥ 400 ಜನರ ಹಡಗಿಗೆ ಏಳು ಸಾಕು. ಮರಳುವಾಗ ಮತ್ತೆ ಅಷ್ಟೇ. ದ್ವೀಪ ನೋಡಲು ಉಳಿಯುವ ಹೊತ್ತೆಷ್ಟು? ದೂರವೇಕೆ, ನಮ್ಮ ಮಲ್ಪೆಯನ್ನೇ ನೋಡಿ. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ಕಾಣಲು ದೊಡ್ಡ ದೋಣಿಯಲ್ಲಿ ಹೊರಟವರು, ದಡದ ಬಳಿ ಆಳ ಸಾಲದೆ ಚಿಕ್ಕ ದೋಣಿಗೆ ಇಳಿದೇ ಮುಂದೆ ಹೋಗಬೇಕು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆ ಅಲ್ಲಿ ತೇಲುತ್ತಿದೆ.

ನನಗೆ ನಿಜವಾಗಿ ನೋವಾಗುವುದು ಬೇರೆಯೇ ಕಾರಣಕ್ಕೆ. ಭಾನುವಾರ ಮುಳ್ಳಯ್ಯನಗಿರಿಯ ಕಿರಿದಾರಿಯಲ್ಲಿ ಕಾರುಗಳು ಸಾಲುಗಟ್ಟಿದಾಗ ‘ಬೆಟ್ಟ ಹಾಳಾಯಿತು’ ಎಂದು ಗೊಣಗುವವರು ಯಾರು? ಈ ಮಿತ್ರರೇ! ದಟ್ಟಣೆ ತಾಳಲಾರದೆ 2025ರ ಸೆಪ್ಟೆಂಬರಿನಲ್ಲಿ ಜಿಲ್ಲಾಡಳಿತವು ಅಲ್ಲಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಮುಂಗಡ ನೋಂದಣಿ ವಿಧಿಸಿತು. ಕುದುರೆಮುಖ ಶಿಖರದ ಚಾರಣಕ್ಕೆ ಅರಣ್ಯ ಇಲಾಖೆ ದಿನಕ್ಕೆ 300 ಜನರ ಮಿತಿ ಹಾಕಿದೆ. ಎರಡನ್ನೂ ನಾವು ಸ್ವಾಗತಿಸಿದೆವು. ನಮ್ಮ ಬೆಟ್ಟಕ್ಕೆ ಮಿತಿ ಬೇಕು. ಪರರ ದ್ವೀಪಕ್ಕೆ ಒಂದೇ ಹಡಗಿನಲ್ಲಿ 1,800 ಜನ ಹೋಗಿ ಇಳಿಯಬಹುದೇ? ಅಲ್ಲಿನವರಿಗೂ ಕುಡಿಯುವ ನೀರು, ಕಸ, ಶಾಂತಿಯ ಚಿಂತೆ ಇರುವುದಿಲ್ಲವೇ?

ಹೊರಜಗತ್ತು ಈ ಸತ್ಯವನ್ನು ಅರಿಯತೊಡಗಿದೆ. 500ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹೊತ್ತ ಹಡಗಿನಿಂದ ಅಂಟಾರ್ಕ್ಟಿಕಾದ ನೆಲಕ್ಕೆ ಯಾರನ್ನೂ ಇಳಿಸಬಾರದೆಂದು ಒಪ್ಪಂದದ ರಾಷ್ಟ್ರಗಳು 2009ರಲ್ಲಿ ತೀರ್ಮಾನಿಸಿದವು. ಇಟಲಿ ದೇಶವು 2021ರ ಆಗಸ್ಟಿನಲ್ಲಿ ವೆನಿಸ್ ನಗರದ ಮುಂದಿನ ಜಲಮಾರ್ಗವನ್ನು 25,000 ಟನ್ನಿಗಿಂತ ದೊಡ್ಡ ಹಡಗುಗಳಿಗೆ ಮುಚ್ಚಿತು.

ಚಿಕ್ಕ ಹಡಗಿನಲ್ಲಿ ಸುಖ ಕಡಿಮೆ, ಒಪ್ಪಿದೆ. ಹೊಯ್ದಾಟ ಹೆಚ್ಚು, ವಾಂತಿಯ ಮಾತ್ರೆ ಜೇಬಿನಲ್ಲಿರಲಿ. ಹೃದ್ರೋಗವಿದ್ದವರು ವೈದ್ಯರನ್ನು ಕೇಳಿಯೇ ಹೊರಡಲಿ. ಆದರೆ ಟಿಕೆಟ್ ಕೊಳ್ಳುವ ಮುನ್ನ ಹಡಗಿನಲ್ಲಿ ಎಷ್ಟು ಊಟದ ಮನೆಗಳಿವೆ ಎಂದು ವಿಚಾರಿಸುವ ನನ್ನ ಮಿತ್ರರು ಇನ್ನೆರಡು ಪ್ರಶ್ನೆ ಕೇಳಲಿ: ಒಟ್ಟು ಎಷ್ಟು ಜನ? ದಡದಲ್ಲಿ ಎಷ್ಟು ಗಂಟೆ? ಉತ್ತರ ಕೇಳಿದ ಮೇಲೂ ದೊಡ್ಡ ಹಡಗೇ ಬೇಕೆಂದರೆ ಹೋಗಿಬರಲಿ. ಮರಳಿದ ಬಳಿಕ ಮುಳ್ಳಯ್ಯನಗಿರಿಯ ಕಾರುಗಳ ಬಗ್ಗೆ ನನ್ನೆದುರು ದೂರದಿದ್ದರೆ ಸಾಕು.